ಇಂಗ್ಲೆಂಡ್ ಮಿಷನ್ನು ಅಜ್ಜಿ ರೂಮಿಗೆ ಬಂದಿದ್ದು

ಒಂದು ಟನ್ನಿಗೂ ಜಾಸ್ತಿ ತೂಕದ ಕಬ್ಬಿಣನ ಯಾವತ್ತಾದ್ರೂ ನಿಮ್ಮನೆ ಮಲಗೋ ರೂಮಿಗೆ ತಂದಿದ್ದೀರಾ? ತರಬೇಡಿ. ನಾವು ತಂದ್ವಿ. ನಂಗೀಗ ಹದಿನೇಳು ವರ್ಷ, ನನ್ನ ಬೆನ್ನಿಗೆ ಎಪ್ಪತ್ತು. ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ, ಹಂಗಾಗಿ ಇದನ್ನ ಗೋಡೆಗೆ ಒರಗಿ ನಿಂತ್ಕೊಂಡೇ ಬರೀತಿದ್ದೀನಿ.

ನಮ್ಮದು ಅರಸೀಕೆರೆ, ರೈಲ್ವೆ ಗೇಟಿನ ಆ ಕಡೆ ಹೆಂಚಿನ ಮನೆ. ಮುಂದಿನ ಪಡಸಾಲೆಲಿ ಅಪ್ಪನ ಲೇತು. ಪಂಪ್‌ಸೆಟ್ ಶಾಫ್ಟು, ಬುಷ್ಷು, ಹೊರಗಿಂದ ಏನು ಬಂದ್ರೂ ಸರಿ, ಗುಂಡಗಿರೋದೆಲ್ಲ ಅಪ್ಪ ಮಾಡ್ತಾನೆ. ಹಲ್ಲಿರೋ ಗೇರು ಬಂದ್ರೆ ಮಾತ್ರ ಕೈ ಮುಗಿದು ಬೆಂಗಳೂರಿನ ದಾರಿ ತೋರಿಸ್ತಾನೆ. ಒಂದು ಲೇತಿಗೆ ಒಬ್ಬ ಸಾಕು. ನಾನು ಪಿಯುಸಿಲಿ ಡುಮ್ಕಿ ಹೊಡೆದು ಮನೇಲಿ ಕೂತಾಗ ಈ ಲೆಕ್ಕ ಎಲ್ರಿಗೂ ಒಟ್ಟಿಗೇ ಹೊಳೀತು. ಬಾಣಾವರದಲ್ಲಿ ಅವ್ವನ ಅಣ್ಣ, ನಮ್ಮ ಮಾವ, ದಿನಸಿ ಅಂಗಡಿ ಇಟ್ಟವ್ರೆ. ಅಲ್ಲಿಗೆ ಒಬ್ಬ ಹುಡುಗ ಬೇಕಿತ್ತು. ಕೆಲಸ ಏನಪ್ಪಾ ಅಂದ್ರೆ ಬೆಳಿಗ್ಗೆಯಿಂದ ಸಂಜೆ ತನಕ ಹುಣಸೆಹಣ್ಣಿನ ಬೀಜ ಬಿಡಿಸೋದು, ಬಿಡಿಸ್ತಾ ಬಿಡಿಸ್ತಾ ಮಾವನ ಬುದ್ಧಿಮಾತು ಕೇಳೋದು. ಮಾವ ಒಂದು ಮಾತು ಶುರು ಮಾಡಿದ್ರೆ ರೈಲು ಬಂದು, ಇಂಜಿನ್ನಿಗೆ ನೀರು ತುಂಬ್ಕೊಂಡು, ಕೂಗಿ ಹೊರಟೋದ್ರೂ ಆ ಮಾತು ಇನ್ನೂ ಮುಗಿದಿರಲ್ಲ.

ಅಷ್ಟರಲ್ಲಿ ಒಬ್ಬ ತೆಂಗಿನಕಾಯಿ ಲಾರಿ ಡ್ರೈವರು ಬಂದು ಸುದ್ದಿ ಹೇಳ್ದ. ಬೇಲೂರಿನ ಆ ಕಡೆ ಒಂದು ಕಾಫಿ ಎಸ್ಟೇಟಲ್ಲಿ ದೊರೆಗಳ ಕಾಲದ ಮಿಲ್ಲಿಂಗ್ ಮಿಷನ್ ಮೂಲೇಲಿ ಬಿದ್ದೈತೆ, ಯಾರಾದ್ರೂ ಹೊತ್ಕೊಂಡು ಹೋದ್ರೆ ಸಾಕು ಅಂತವ್ರೆ ಅಂತ. ಅಪ್ಪ ಕೈಲಿದ್ದ ಕಾಫಿ ಲೋಟ ಕೆಳಗಿಡೋದು ಮರ್ತ. ಲೇತಲ್ಲಿ ಕಬ್ಬಿಣ ತಿರುಗುತ್ತೆ, ಉಳಿ ಸುಮ್ನಿರುತ್ತೆ. ಮಿಲ್ಲಿಂಗ್ ಮಿಷನ್ನಲ್ಲಿ ಉಳಿ ಚಕ್ರದ ಥರ ತಿರುಗುತ್ತೆ, ಕಬ್ಬಿಣ ಅದರ ಕೆಳಗೆ ಹೋಗಿ ಕೊಯ್ಸಿಕೊಳ್ಳುತ್ತೆ. ಗೇರಿನ ಹಲ್ಲು ಬರೋದು ಅದರಲ್ಲಿ.

"ತರ್ತೀನಿ ಕಣ್ಲಾ," ಅಂದ ಅಪ್ಪ. "ಅದು ತಿರುಗಿ, ಒಂದು ಗೇರು ಕೊಯ್ದು, ಆ ಗೇರು ಸರಿಯಾಗಿ ಕೂತ್ರೆ ನೀನು ನನ್ ಜೊತೇಲಿರು. ಇಲ್ದಿದ್ರೆ ಸಂಕ್ರಾಂತಿ ಆದ ಮಾರನೇ ದಿನ ಬಾಣಾವರ."

"ಮಧ್ಯದ್ದೇನೂ ಇಲ್ವಾ?"

"ಮಧ್ಯದಲ್ಲಿ ರೈಲು ನಿಲ್ಲಲ್ಲ."

ದಸರಾ ಕಳೆದ ಮೇಲೆ ಅದೇ ಲಾರೀಲಿ ಹೋದ್ವಿ. ಬೀಗದ ಕೈ ಎಸ್ಟೇಟಿನ ಲೆಕ್ಕ ಬರೆಯೋ ರೈಟರ ಹತ್ರ ಇತ್ತು. ಶೆಡ್ಡಿನ ಬಾಗಿಲು ತೆಗೆದ್ರೆ ಒಳಗಿಂದ ಮೊದಲು ಬಂದಿದ್ದು ಕೋಳಿ. ಆಮೇಲೆ ಇನ್ನೂ ಕೋಳಿ. ಕೊನೆಗೆ ಕತ್ತಲಲ್ಲಿ ಆನೆ ಮಂಡಿ ಊರಿದಂಗೆ ಮಿಷನ್ನು ಕಾಣ್ತು. ಅದರ ಟೇಬಲ್ ಮೇಲೆ ಹುಲ್ಲು ಹಾಸಿ ಒಂದು ಕೋಳಿ ಕಾವಿಗೆ ಕೂತಿತ್ತು.

"ಮಿಷನ್ ನಿಮ್ದು, ಮೊಟ್ಟೆ ನಮ್ದು," ಅಂದ್ರು ರೈಟರು.

ಅಪ್ಪ ಕೋಳಿ ಕಡೆ ನೋಡ್ಲಿಲ್ಲ. ತೋಳು ಮಡಿಚಿ, ಸೀಮೆಎಣ್ಣೆ ಬಟ್ಟೇಲಿ ಟೇಬಲ್ಲಿನ ಅಡಿಯ ಜಾರುಪಟ್ಟಿ ಒರೆಸ್ದ. ಮೇಲೆಲ್ಲ ಕೆಂಪು ತುಕ್ಕು, ಕೋಳಿ ಹಿಕ್ಕೆ. ಅಡೀಲಿ ಮಾತ್ರ ಬೂದು ಬಣ್ಣದ ಕಬ್ಬಿಣ, ಅದರ ಮೇಲೆ ಮೀನಿನ ಪೊರೆ ಥರ ಸಣ್ಣ ಸಣ್ಣ ಗೀರು. ಯಾರೋ ಪುಣ್ಯಾತ್ಮ ಕೈಯಿಂದಾನೇ ಕೆರೆದು ಮಟ್ಟ ಮಾಡಿರೋದು, ಅದಿನ್ನೂ ಸವೆದಿಲ್ಲ ಅಂತ ಅಪ್ಪ ಪಿಸುಗುಟ್ಟಿದ. ಜೋರಾಗಿ ಹೇಳಿದ್ರೆ ರೈಟರು ಕೊಡಲ್ಲ ಅಂದಾರು ಅನ್ನೋ ಭಯ. ಪುಲ್ಲಿ ಹಿಡಿದು ತಿರುಗಿಸ್ದ. ಒಂದ್ಸಲ ನರಳಿ ತಿರುಗ್ತು. ಪಕ್ಕದಲ್ಲೇ ಮರದ ಪೆಟ್ಟಿಗೆಲಿ ಗ್ರೀಸ್ ಕಾಗದ ಸುತ್ತಿದ ಕಟರುಗಳು, ಅಂದ್ರೆ ಆ ಚಕ್ರದ ಉಳಿಗಳು, ಜೊತೆಗೆ ಹಲ್ಲು ಸಮವಾಗಿ ಭಾಗ ಮಾಡೋ ಡಿವೈಡಿಂಗ್ ಹೆಡ್ಡು.

ಆಮೇಲೆ ಶುರುವಾಯ್ತು ನನ್ನ ಗ್ರಹಚಾರ. ಹಾರೆ ಹಾಕಿ ಮಿಷನ್ನಿನ ಒಂದು ಕಡೆ ಎತ್ತೋದು, ಅಡಿಗೆ ಪೈಪು ತೂರ್ಸೋದು, ನೂಕೋದು. ಹಿಂದಿನ ಪೈಪು ಬಿಟ್ಟುಕೊಂಡ ತಕ್ಷಣ ಅದನ್ನ ಎತ್ಕೊಂಡು ಓಡಿ ಮುಂದಕ್ಕೆ ಹಾಕ್ಬೇಕು. ಹಾಕೋದ್ಯಾರು? ಶೆಡ್ಡಿನಿಂದ ಲಾರಿ ತನಕ ಎಲೆ ಅಡಿಕೆ ಹಾಕ್ಕೊಂಡು ಹೋಗಿ ಬರೋವಷ್ಟು ದೂರ. ಅವತ್ತು ನಾನು ಓಡಿದ್ದು ಲೆಕ್ಕ ಹಾಕಿದ್ರೆ ನಡ್ಕೊಂಡು ನಮ್ಮೂರ ಮಾಲೇಕಲ್ಲು ಬೆಟ್ಟ ಹತ್ತಿ ಇಳಿದು ಮನೇಲಿ ನಿದ್ದೆ ಮಾಡಬೌದಿತ್ತು. ಮೂರು ನೀಲಗಿರಿ ಮರ ಮುಕ್ಕಾಲಿ ಥರ ಕಟ್ಟಿ, ಭಾರ ಎತ್ತೋ ಚೈನ್ ಬ್ಲಾಕ್ ನೇತಾಕಿ, ಎಳೆದೂ ಎಳೆದೂ ಮಿಷನ್ ಲಾರಿ ಹತ್ತೋ ಹೊತ್ತಿಗೆ ನನ್ನ ಅಂಗೈಲಿ ರೇಖೆ ಇರ್ಲಿಲ್ಲ. ಇನ್ಮೇಲೆ ನನ್ನ ಭವಿಷ್ಯ ಯಾರೂ ಹೇಳಕ್ಕಾಗಲ್ಲ.

ಮಳೆ ಹನಿ ಬೀಳ್ತದೆ ಅಂತ ಅಪ್ಪ ಗೋಣಿಚೀಲ ಸುತ್ತಿ, ಮೇಲೆ ಟಾರ್ಪಾಲು ಬಿಗಿದು, ಹಗ್ಗದಲ್ಲಿ ಸರಿಯಾಗಿ ಕಟ್ದ. ಆ ಕಟ್ಟೇ ಮುಳುವಾಯ್ತು. ಹಳೇಬೀಡಿನ ಬಸ್ ಸ್ಟ್ಯಾಂಡ್ ಹತ್ರ ಟೀಗೆ ನಿಲ್ಸಿದ್ರೆ ಒಬ್ಬ ಪೊಲೀಸಿನೋರು ಲಾರಿ ಸುತ್ತ ಎರಡು ಪ್ರದಕ್ಷಿಣೆ ಹಾಕಿದ್ರು.

"ಏನಯ್ಯಾ ಒಳಗೆ?"

"ಮಿಷನ್ ಸ್ವಾಮಿ."

"ಹಳೇಬೀಡಿಂದ ರಾತ್ರೋರಾತ್ರಿ ಹೋಗೋ ವಿಗ್ರಹ ಎಲ್ಲಾ ಮಿಷನ್ನೇ. ಬಿಚ್ಚಯ್ಯಾ."

"ಹಗಲು ಮೂರು ಗಂಟೆ ಸ್ವಾಮಿ ಈಗ," ಅಂದೆ ನಾನು. ಅಪ್ಪ ನನ್ನ ಕಾಲು ತುಳಿದ.

ಬಿಚ್ಚಿದ್ವಿ. ಹಗ್ಗ ಬಿಚ್ಚೋದು ನೋಡಕ್ಕೆ ಅರ್ಧ ಊರು ಸೇರ್ತು. ಗೋಣಿಯ ಆಕಾರ ನೋಡಿ ಒಂದು ಹೆಂಗಸು ಕೈ ಬೇರೆ ಮುಗಿದ್ಲು. ಬಸದಿ ಕಡೆಯ ಜೈನರ ಅಂಗಡಿ ಯಜಮಾನ್ರು ಬಂದು, ಕನ್ನಡಕ ಮೇಲೇರಿಸಿ ಬಗ್ಗಿ ನೋಡಿ, "ನಮ್ಮಲ್ಲಿಯದಂತೂ ಅಲ್ಲಪ್ಪ," ಅಂತ ತೀರ್ಪು ಕೊಟ್ರು. ಕೊನೇ ಗೋಣಿ ಬಿದ್ದಾಗ ಪೊಲೀಸಿನೋರ ಮುಖ ನೋಡ್ಬೇಕಿತ್ತು. "ಕೈಯಿಲ್ಲ, ಕಾಲಿಲ್ಲ, ಮುಖ ಇಲ್ಲ. ಇದನ್ನ ಯಾರು ಕದೀತಾರೆ, ಹೋಗ್ರಯ್ಯಾ," ಅಂದ್ರು.

ಗುಂಪಲ್ಲಿ ಒಬ್ರು ಗೌಡ್ರಿದ್ರು. ಕೆರೆ ಕೆಳಗೆ ಕಬ್ಬಿನ ಗದ್ದೆ, ಆಲೆಮನೆ ಇರೋರು. ಅವರೊಬ್ರೇ ಮಿಷನ್ ಮುಟ್ಟಿ ನೋಡಿದ್ರು. "ಇದು ಹಲ್ಲು ಕೊಯ್ತದೇನಪ್ಪಾ? ನಮ್ಮ ಕಬ್ಬಿನ ಗಾಣದ ಸಣ್ಣ ಗೇರು ಹಲ್ಲು ಉದುರೋಗೈತೆ. ಗಾಣನೂ ದೊರೆಗಳ ಕಾಲದ್ದೇ, ಎಲ್ಲೂ ಸಿಗ್ತಿಲ್ಲ."

"ಸಂಕ್ರಾಂತಿ ಒಳಗೆ ಕೊಡ್ತೀನಿ ಗೌಡ್ರೇ," ಅಂತ ಅಪ್ಪ ನಡುರಸ್ತೇಲಿ ಮಾತು ಕೊಟ್ಟ. ಮಿಷನ್ನು ಇನ್ನೂ ಲಾರಿ ಮೇಲಿತ್ತು. ಬಾಣಾವರಕ್ಕೆ ಹೋಗೋ ನನ್ನ ತಾರೀಖಿಗೆ ಅಪ್ಪ ಗೌಡ್ರ ಗೇರನ್ನೂ ಕಟ್ಟಿ ಹಾಕ್ದ.

ಮನೇಲಿ ಅದಕ್ಕೆ ಜಾಗ ಅಂದ್ರೆ ಅಜ್ಜಿ ರೂಮು. ಮಣ್ಣಿನ ಮೇಲೆ ನೇರ ಚಪ್ಪಡಿ ಹಾಸಿರೋದು ಅದೊಂದೇ. ಬಾಗಿಲಲ್ಲಿ ಮಿಷನ್ ತೂರಲಿಲ್ಲ. ಬಾಗಿಲು ತೆಗೆದ್ವಿ. ತೂರಲಿಲ್ಲ. ಚೌಕಟ್ಟು ಕಿತ್ವಿ, ಗೋಡೇನೂ ಒಂದು ಮೊಳ ಕೆಡವಿದ್ವಿ. ಅಜ್ಜಿ ತನ್ನ ಹಾಸಿಗೆ ಸುತ್ಕೊಂಡು ಪಡಸಾಲೆ ಮೂಲೇಲಿ ಕೂತು, "ನಾನು ಮದುವೆಯಾಗಿ ಬಂದಾಗ ಹೊಸ್ಲು ಮೇಲೆ ಸೇರಕ್ಕಿ ಇಟ್ಟಿದ್ರು. ಇವನಿಗೆ ಹೊಸಲನ್ನೇ ಕಿತ್ತಾಕವ್ರೆ," ಅಂತು.

ಎದುರು ಮನೆ ಅಕ್ಕ ಮಿಲ್ಲು ಬಂದೈತಂತೆ ಅಂತ ರಾಗಿ ತಗೊಂಡು ಬಂದಿದ್ಲು. ನಾನು ಅರ್ಧ ಗಂಟೆ ಕಾಯಿಸ್ದೆ. ಅವ್ವ ಬಂದು ನನ್ನ ಕಿವಿ ಹಿಂಡಿದ್ಮೇಲೆ ನಿಜ ಹೇಳ್ದೆ.

ಚಪ್ಪಡಿ ಎಬ್ಬಿಸಿ, ಗುಂಡಿ ತೋಡಿ, ಜಲ್ಲಿ ಸಿಮೆಂಟು ಹಾಕಿ, ನಾಲ್ಕು ಬೋಲ್ಟು ನಿಲ್ಸಿದ್ವಿ. ಒದ್ದೆ ಗೋಣಿ ಹಾಸಿ ದಿನಾ ನೀರು ಹಾಕೋದು ನನ್ನ ಕೆಲ್ಸ. ಕಾಂಕ್ರೀಟು ಗಟ್ಟಿಯಾದ ಮೇಲೆ ಮಿಷನ್ ಕೂರ್ಸಿ ಟೇಬಲ್ ಮೇಲೆ ಮಟ್ಟ ನೋಡೋ ರಸಮಟ್ಟ ಇಟ್ರೆ ಅದರೊಳಗಿನ ಗುಳ್ಳೆ ಅಜ್ಜಿ ಕಡೆ ಓಡ್ತು. ತಗಡು ಕತ್ತರಿಸಿ ಅಡಿಗೆ ಕೊಟ್ವಿ. ಗುಳ್ಳೆ ಬೀದಿ ಕಡೆ ಓಡ್ತು. ಎರಡು ಕಡೆನೂ ಸರಿಯಾಯ್ತು ಅಂತ ಬೋಲ್ಟು ಬಿಗಿದ್ರೆ ಗುಳ್ಳೆ ಮತ್ತೆ ಅಜ್ಜಿ ಕಡೆ. ಬಿಚ್ಚು, ಎತ್ತು, ತಗಡು ತೆಗಿ, ತಗಡು ಹಾಕು, ಬಿಗಿ, ನೋಡು. ಕೊನೆ ಕೊನೆಗೆ ಸಿಗರೇಟು ಪ್ಯಾಕಿನ ಕಾಗದದಷ್ಟು ತೆಳು ತಗಡು. ದಿನವೆಲ್ಲ ನೆಲಕ್ಕೆ ಕೆನ್ನೆ ಒತ್ಕೊಂಡು ಮಲಗಿ ಮಲಗಿ ನನ್ನ ಮುಖದ ಮೇಲೆ ಚಪ್ಪಡಿ ಡಿಸೈನ್ ಬಂದಿತ್ತು. ಗುಳ್ಳೆ ಮಧ್ಯಕ್ಕೆ ಬಂದು ನಿಂತ ದಿನ ಖುಷಿ ಪಡಬೇಕು ಅಂತ ಅನ್ನಿಸ್ತು. ಕೂತಲ್ಲೇ ನಿದ್ದೆ ಬಂತು.

ದೀಪಾವಳಿಗೆ ಅಪ್ಪ ಅದಕ್ಕೆ ಪೂಜೆ ಮಾಡ್ದ. ಅಜ್ಜಿ ನಿಂತು ನೋಡಿ, "ಎಣ್ಣೆ ನೀರು ಆಗದೆ ಹಬ್ಬ ಏನು ಹಬ್ಬ," ಅಂತು.

"ಅದಕ್ಕೆ ನೀರು ಹಾಕಂಗಿಲ್ಲ ಕಣವ್ವ. ಎಣ್ಣೆ ಮಾತ್ರ," ಅಂದ ಅಪ್ಪ.

"ಹಂಗಾದ್ರೆ ಎಣ್ಣೆ ಕೆಲ್ಸ ನಂಗೆ ಬಿಡು. ನನ್ನ ರೂಮಲ್ಲಿ ಅವ್ನೆ, ನಾನೇ ನೋಡ್ಕತೀನಿ."

ರೂಮು ಹೋದಾಗಿಂದ ಅಜ್ಜಿ ಅಪ್ಪನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಅಪ್ಪಂಗೆ ಬದುಕಿದೆ ಅನ್ನಿಸ್ತು. ಎಣ್ಣೆ ಬಿಡೋ ಮೂತಿ ಡಬ್ಬಿ ಕೊಟ್ಟು, ಮಿಷನ್ನಿನ ಮೈಮೇಲೆ ಎಲ್ಲೆಲ್ಲಿ ತೂತಿದೆ ಅಂತ ತೋರಿಸ್ದ. ಅವತ್ತಿಂದ ಅಜ್ಜಿ ದಿನಾ ಸಂಜೆ ಡಬ್ಬಿ ಹಿಡ್ಕೊಂಡು, ಮಗೂಗೆ ಕಿವಿಗೆ ಎಣ್ಣೆ ಬಿಟ್ಟಂಗೆ, ಒಂದೊಂದು ತೂತಿಗೂ ಬಿಡ್ತಿತ್ತು. ಮಿಷನ್ನು ಮದುವಣಗಿತ್ತಿ ಥರ ಹೊಳೀತಿತ್ತು.

ಮೋಟರು ಕೂರ್ಸಿ, ಚರ್ಮದ ಬೆಲ್ಟು ಹೊಲಿದು ಸ್ವಿಚ್ ಹಾಕಿದ್ವಿ. ತಿರುಗ್ತು! ಒಂದು ಕಬ್ಬಿಣದ ತುಂಡು ಕೊಟ್ಟು ನೋಡಿದ್ವಿ, ಬೆಣ್ಣೆ ಕೊಯ್ದಂಗೆ ಕೊಯ್ತು. ನಾನು ಬೀದಿಗೆ ಹೋಗಿ ಕೇಳಿದೋರಿಗೂ ಕೇಳದೋರಿಗೂ ಹೇಳ್ಕೊಂಡು ಬಂದೆ. ಇಂಗ್ಲೆಂಡ್ ರಾಣಿ ಮನೇಲಿ ಇಂಥದ್ದೇ ಇನ್ನೊಂದಿದೆ ಅಂತಾನೂ ಸೇರಿಸ್ದೆ.

ಗೌಡ್ರ ಗೇರಿಗೆ ಉಕ್ಕಿನ ದಿಂಡು ಹಾಸನದಿಂದ ಬರಕ್ಕೆ ತಡವಾಯ್ತು. ಬರೋ ಹೊತ್ತಿಗೆ ಚಳಿ ಶುರುವಾಗಿತ್ತು. ಬೆಳಿಗ್ಗೆ ಎದ್ದು ಸ್ವಿಚ್ ಹಾಕಿದ್ರೆ ಮೋಟರು ಗುಂಯ್ ಅಂತು, ಬೆಲ್ಟು ಪಟ ಪಟ ಜಾರ್ತು, ಮಿಷನ್ನು ಅಲ್ಲಾಡ್ಲಿಲ್ಲ. ಕೈಯಲ್ಲಿ ತಿರುಗಿಸಿದ್ರೆ ಒಳಗೆ ಯಾರೋ ಹಿಡ್ಕೊಂಡಂಗೆ. ಬೆಲ್ಟು ಬಿಗಿ ಮಾಡಿದ್ವಿ, ಹೊಲಿಗೆ ಬಿಚ್ಚೋಯ್ತು. ಮತ್ತೆ ಹೊಲಿದ್ವಿ. ಆ ಹೊತ್ತಿಗೆ ಬಿಸಿಲೇರಿತ್ತು, ಸ್ವಿಚ್ ಹಾಕಿದ್ರೆ ಏನೂ ಆಗಿಲ್ಲ ಅನ್ನೋ ಥರ ತಿರುಗ್ತು. ಆಗ ನೋಡಿ, ಕರೆಂಟು ಹೋಯ್ತು.

ಮಾರನೇ ದಿನ ಬೆಳಿಗ್ಗೆ ಅದೇ ಕತೆ. ಅದರ ಮಾರನೇ ದಿನಾನೂ.

"ಮಧ್ಯಾಹ್ನ ಆಗದೆ ಏಳಲ್ಲ. ನನ್ನ ಮಗನ ಜೊತೆ ಸೇರಿ ಕೆಟ್ಟೋಯ್ತು," ಅಂದ ಅಪ್ಪ.

ಮಟ್ಟ ತಪ್ಪಿದೆ ಅಂತ ನಾಲ್ಕು ಬೋಲ್ಟೂ ಬಿಚ್ಚಿ ಮತ್ತೆ ರಸಮಟ್ಟ ಹಿಡಿದ್ವಿ. ಮತ್ತೆ ನನ್ನ ಕೆನ್ನೆ, ಮತ್ತೆ ಚಪ್ಪಡಿ. ಮೋಟರು ಬಿಚ್ಚಿ ನೋಡಿದ್ವಿ. ಕರೆಂಟಿಗೆ ಬೈದ್ವಿ. ಮಧ್ಯಾಹ್ನದ ಮೇಲೆ ಹಲ್ಲು ಕೊಯ್ಯಣ ಅಂದ್ರೆ ದಿನಾ ಮಧ್ಯಾಹ್ನವೇ ಕರೆಂಟು ತೆಗೀತಿದ್ರು. ನಮಗೆ ಕರೆಂಟಿದ್ದಿದ್ದು ಬೆಳಿಗ್ಗೆ ಮಾತ್ರ, ಮಿಷನ್ನು ಏಳ್ತಿದ್ದಿದ್ದು ಮಧ್ಯಾಹ್ನ ಮಾತ್ರ. ಇವೆರಡರ ಮಧ್ಯೆ ನಿಂತು ನಿಂತು ಅಪ್ಪನ ಮುಖ ಇಳಿದೋಯ್ತು. ರಾತ್ರಿ ಊಟಕ್ಕೆ ಕೂತ್ರೆ ತುತ್ತು ಕೈಲೇ ಒಣಗ್ತಿತ್ತು. ಮಾವನಿಂದ ಕಾಗದ ಬಂತು, ಹುಣಸೆಹಣ್ಣು ಇಳಿಯೋ ಕಾಲ ಬಂತು, ಹುಡುಗನ್ನ ಯಾವಾಗ ಕಳಿಸ್ತೀರ ಅಂತ. ನಾನು ಜೋಕು ಹೇಳೋದು ಬಿಟ್ಟಿದ್ದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದ್ಲು, ಜ್ವರ ಏನಾದ್ರೂ ಬಂದಿದ್ಯಾ ಅಂತ.

ಉಳಿದಿದ್ದು ಒಂದೇ ದಾರಿ. ಕಟರು ಹೊತ್ತು ತಿರುಗೋ ಸ್ಪಿಂಡಲ್ಲನ್ನೇ ಬಿಚ್ಚಿ ಒಳಗೆ ನೋಡೋದು. ಅಪ್ಪ ಅದೊಂದನ್ನ ಮುಟ್ಟಿರಲಿಲ್ಲ. ಆ ಬೇರಿಂಗು ಹಿತ್ತಾಳೆದು, ಆ ಕಾಲದೋರು ಕೂದಲೆಳೆ ಲೆಕ್ಕದಲ್ಲಿ ಕೂರ್ಸಿರೋದು. ಬಿಚ್ಚಿ ಹಂಗೇ ವಾಪಸ್ ಕೂರ್ಸಕ್ಕಾಗದಿದ್ರೆ ಮಿಷನ್ನು ಗುಜರಿ, ಅಷ್ಟೇ.

"ಬಿಚ್ಚಣ ಅಪ್ಪಾ," ಅಂದೆ.

"ಕೆಟ್ರೆ?"

"ಈಗ ಸರಿಯಾಗಿದ್ಯಾ?"

ಅಪ್ಪ ಹೋಗಿ ಲೇತಿನ ಸ್ವಿಚ್ ಆರಿಸಿ, ಬಾಗಿಲಿಗೆ ಬಂದ ಗಿರಾಕಿಗೆ ನಾಳೆ ಬನ್ನಿ ಅಂದು, ಸ್ಪ್ಯಾನರ್ ತಗೊಂಡ.

ನೆಲದ ಮೇಲೆ ಅವ್ವನ ಹಳೇ ಸೀರೆ ಹಾಸಿದ್ವಿ. ಅಪ್ಪ ಬಿಚ್ಚಿ ಕೊಟ್ಟಿದ್ದನ್ನ ನಾನು ಬಂದ ಸಾಲಲ್ಲೇ ಜೋಡಿಸ್ತಾ, ಎರಡು ಭಾಗ ಸೇರೋ ಕಡೆಯೆಲ್ಲ ಉಳಿಯಿಂದ ಸಣ್ಣ ಗುರುತು ಹಾಕ್ತಾ ಹೋದೆ. ಬೆಳಿಗ್ಗೆ ಚಳಿ, ಕೈ ಮರಗಟ್ಟಿತ್ತು. ಸ್ಪಿಂಡಲ್ಲು ಹೊರಗೆ ಬರೋ ಹೊತ್ತಿಗೆ ಅಪ್ಪ ಉಸಿರೇ ಬಿಡ್ತಿರ್ಲಿಲ್ಲ. ಬಂತು. ಅದರ ಹಿಂದೇನೇ ಗೋಲಿ ಗಾತ್ರದ ಬಿಳೀ ಉಂಡೆ ಸೀರೆ ಮೇಲೆ ಬಿತ್ತು.

"ಇದೇನ್ಲಾ ಇದು?"

ಒಳಗೆ ಬೆರಳು ಹಾಕಿದ್ರೆ ಪೂರ್ತಿ ಬಿಳಿ. ಎಣ್ಣೆ ಹೋಗೋ ಸಂದಿ, ಕಾಲುವೆ, ಬೇರಿಂಗು, ಎಲ್ಲಾ ಕಡೆ ಮೇಣದ ಥರ ತುಂಬ್ಕೊಂಡಿತ್ತು. ಅಪ್ಪ ಮೂಸಿ ನೋಡ್ದ. ನನ್ನ ಮೂಗಿಗೂ ಹಿಡಿದ. ನಾವಿಬ್ರೂ ನಿಧಾನಕ್ಕೆ ಪಡಸಾಲೆ ಕಡೆ ತಿರುಗಿದ್ವಿ. ಅಜ್ಜಿ ಎಳೆ ಬಿಸಿಲಿಗೆ ಕೂತು, ಗಟ್ಟಿಯಾಗಿರೋ ಕೊಬ್ಬರಿ ಎಣ್ಣೆ ಬಾಟ್ಲಿನ ಕಾಲ ಮಧ್ಯೆ ಇಟ್ಕೊಂಡು, ಕರಗ್ಲಿ ಅಂತ ಕಾಯ್ತಿತ್ತು.

"ಅವ್ವಾ," ಅಂದ ಅಪ್ಪ. ಸ್ವರ ಬಹಳ ಮೆತ್ತಗಿತ್ತು. "ನಾನು ಡಬ್ಬೀಲಿ ಕೊಟ್ಟಿದ್ದ ಎಣ್ಣೆ ಏನಾಯ್ತು?"

"ಅದಾ? ಥೂ, ಕರ್ರಗೆ ನಾರ್ತಿತ್ತು. ಬಚ್ಚಲ ಹಿಂದೆ ಚೆಲ್ದೆ. ಮನೇಲಿ ಚಿನ್ನದಂಥ ಎಣ್ಣೆ ಇಟ್ಕೊಂಡು ಅಂಥದ್ದನ್ನ ಯಾರಿಗಾದ್ರೂ ಬಿಡ್ತಾರೇನ್ಲಾ? ನಮ್ಮ ಮರದ ಕಾಯಿದು, ನಾನೇ ಒಣಗ್ಸಿ ಆಡ್ಸಿದ್ದು."

"ದಿನಾ?"

"ದಿನಾ. ಶನಿವಾರ ಒಂದು ಕೈ ಜಾಸ್ತಿ."

ಅಪ್ಪ ಕೈಗಂಟಿದ ಬಿಳೀನ ಸೀರೆಗೆ ಒರೆಸ್ಕೊಂಡ. ಅಜ್ಜಿ ಆ ಚಳೀಲಿ ಪಡಸಾಲೆಲಿ ಮಲಗಿ ಎಷ್ಟೋ ದಿನ ಆಗಿತ್ತು. ಕೆಮ್ಮು ಬೇರೆ ಶುರುವಾಗಿತ್ತು. "ಒಳ್ಳೇ ಎಣ್ಣೆ ಕಣವ್ವ," ಅಂದ ಕೊನೆಗೆ. "ಇವನಿಗೆ ಜೀರ್ಣ ಆಗಲ್ಲ, ಅಷ್ಟೇ."

ಹಂಡೇಲಿ ನೀರು ಕಾಯ್ಸಿ, ಬಿಸಿ ಬಟ್ಟೆ ಇಟ್ಟು ಕರಗ್ಸಿ, ಸೀಮೆಎಣ್ಣೇಲಿ ತೊಳೆದು, ಪೊರಕೆಯ ಹಂಚಿಕಡ್ಡಿಗೆ ಬಟ್ಟೆ ಸುತ್ತಿ ಒಂದೊಂದು ತೂತೂ ಕೆದಕಿದ್ವಿ. ಗುರುತು ನೋಡಿ ನೋಡಿ ವಾಪಸ್ ಕೂರ್ಸಿದ್ವಿ. ಬೇರಿಂಗಿನ ಬೋಲ್ಟು ಅಪ್ಪ ಒಂದು ಕೂದಲಷ್ಟು ಬಿಗಿದು, ನಾನು ಕೈಲಿ ತಿರುಗಿಸಿ, ಅವನು ಮತ್ತೊಂದು ಕೂದಲು ಬಿಗಿದು, ಹಿಂಗೇ ಸಂಜೆ ಆಯ್ತು. ಮಾರನೇ ಬೆಳಿಗ್ಗೆ ಬಾಯಲ್ಲಿ ಹೊಗೆ ಬರೋವಷ್ಟು ಚಳಿ. ಅಪ್ಪ ಸ್ವಿಚ್ ಹಾಕು ಅಂತ ನಂಗೆ ಹೇಳಿ ತಾನು ಗೋಡೆ ಕಡೆ ತಿರುಗಿ ನಿಂತ. ಮಿಷನ್ನು ತಿರುಗ್ತು. ಅಪ್ಪ ಆಮೇಲೂ ಸ್ವಲ್ಪ ಹೊತ್ತು ಗೋಡೇನೇ ನೋಡ್ತಿದ್ದ.

ಗೇರಿಗೆ ಇಪ್ಪತ್ತು ಹಲ್ಲು. ಡಿವೈಡಿಂಗ್ ಹೆಡ್ಡಿನ ಹಿಡಿ ಎರಡು ಪೂರ್ತಿ ಸುತ್ತು ತಿರುಗಿಸಿದ್ರೆ ದಿಂಡು ಒಂದು ಹಲ್ಲಿನಷ್ಟು ಸರಿಯುತ್ತೆ. ಪಿನ್ನು ಕೂರ್ಸಿ, ಬಿಗಿದು, ಟೇಬಲ್ ನಿಧಾನಕ್ಕೆ ಕಟರಿನ ಅಡಿಗೆ ಓಡಿಸ್ಬೇಕು. ಒಂದೇ ಸಲಕ್ಕೆ ಆಳ ಹೋಗಂಗಿಲ್ಲ, ಮೂರು ಸಲ. ವಾಪಸ್ ತಗೊ, ಬಿಚ್ಚು, ಎರಡು ಸುತ್ತು, ಪಿನ್ನು, ಬಿಗಿ. ಒಂದು ಸುತ್ತು ತಪ್ಪಿದ್ರೆ ಇಡೀ ದಿಂಡು ದಂಡ. ಅಪ್ಪ ಮೊದಲನೇ ಹಲ್ಲು ಕೊಯ್ದು, ಹಿಡಿ ನನ್ನ ಕೈಗೆ ಕೊಟ್ಟ. ನಾನು ಯಾರ ಜೊತೆನೂ ಮಾತಾಡ್ಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಕೊಂಡಿದ್ದು ಅದೇ ಮೊದಲು. ನಡುವೆ ಗೆಳೆಯ ಒಬ್ಬ ಕಿಟಕೀಲಿ ಬಂದು, "ಟೆಂಟಿಗೆ ಹೊಸ ಸಿನಿಮಾ ಬಂದೈತೆ ಬಾರ್ಲಾ," ಅಂದ. ಮುಖ ನೋಡಿ ಹೆದರ್ಕೊಂಡು ಹೋದ. ಕರೆಂಟು ಹೋಗೋದು, ಕಾಯೋದು, ಬಂದಾಗ ಮತ್ತೆ ಹಿಡಿ ಹಿಡಿಯೋದು. ಕಣ್ಣು ಮುಚ್ಚಿದ್ರೂ ಎರಡು ಸುತ್ತು, ಅನ್ನ ಕಲಸಿದ್ರೂ ಎರಡು ಸುತ್ತು.

ಕೊನೇ ಹಲ್ಲು ಮುಗಿದಾಗ ಅದರ ಪಕ್ಕದಲ್ಲಿ ಮೊದಲನೇ ಹಲ್ಲು ಸರಿಯಾದ ದಪ್ಪಕ್ಕೆ ನಿಂತಿತ್ತು. ಅಪ್ಪ ಬೆರಳಿಂದ ತಡವಿ, ಗೋಣೀಲಿ ಸುತ್ತಿದ.

ಸಂಕ್ರಾಂತಿಗೆ ಎರಡು ದಿನ ಇರೋವಾಗ ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ಹಳೇಬೀಡಿಗೆ ಹೋದ್ವಿ. ಆಲೆಮನೇಲಿ ಹಳೇ ಗೇರು ತೆಗೆದು ಹೊಸದು ಹಾಕಿ, ಜಾರದಂಗೆ ಕೀಲಿ ಹೊಡೆದ್ವಿ, ಗೌಡ್ರು ಇಂಜಿನ್ ಶುರು ಮಾಡಿಸಿದ್ರು. ಮೊದಲ ಸುತ್ತಿಗೆ ಟಕ್ ಅಂತು. ನಾನು ಮನಸ್ಸಲ್ಲೇ ಹುಣಸೆಬೀಜ ಎಣಿಸಕ್ಕೆ ಶುರು ಮಾಡ್ದೆ. ಅಪ್ಪ ಇಂಜಿನ್ ನಿಲ್ಸಿ, ಒಂದು ಹಲ್ಲಿನ ತುದೀಲಿದ್ದ ಸಿಬಿರು ಅರದಿಂದ ಉಜ್ಜಿದ. ಮತ್ತೆ ಓಡಿಸಿದ್ರು. ಸದ್ದಿಲ್ಲ. ಗೌಡ್ರು ಕಬ್ಬು ಕೊಟ್ರು, ಹಾಲು ಸುರೀತು. ಗಾಣದ ಹತ್ರ ಕಿವಿ ಇಟ್ಟು ಕೇಳಿ, "ಹೊಸ ಗಾಣ ತಂದಂಗೈತಲ್ಲಪ್ಪಾ," ಅಂದು, ಇನ್ನೊಂದು ದೊಡ್ಡ ಗೇರನ್ನೂ ನೋಡ್ಕೊಂಡು ಹೋಗಿ ಅಂದ್ರು.

ಮನೆಗೆ ಬಂದ್ರೆ ಜಗಲಿ ಮೇಲೆ ಛತ್ರಿ, ಚೀಲ, ಅದರ ಪಕ್ಕದಲ್ಲಿ ಮಾವ. ಹಬ್ಬ ಮುಗಿಸ್ಕೊಂಡು ನನ್ನನ್ನ ಕರ್ಕೊಂಡೇ ಹೋಗಣ ಅಂತ ಬಂದವ್ರೆ. ಎಲ್ರೂ ಊಟಕ್ಕೆ ಕೂತ್ವಿ. ಮಾವ ಶುರು ಮಾಡಿದ್ರು, "ನೋಡಪ್ಪಾ, ವ್ಯಾಪಾರ ಅಂದ್ರೆ ಏನು ಅಂದ್ರೆ..."

"ಭಾವ," ಅಂದ ಅಪ್ಪ, ಸಾರಿಗೆ ತಟ್ಟೆ ಒಡ್ಡಿಕೊಂಡೇ. "ಬೇರೆ ಯಾರನ್ನಾದ್ರೂ ನೋಡ್ಕಳಿ. ಇವನ್ನ ಕಳ್ಸಕ್ಕಾಗಲ್ಲ. ಇವನಿಲ್ದೆ ನಂಗೆ ಆ ಮಿಷನ್ ಓಡ್ಸಕ್ಕಾಗಲ್ಲ."

ಮಾವನ ಮಾತು ನಡುವಲ್ಲೇ ನಿಂತೋಯ್ತು. ಎಲ್ರೂ ನನ್ನ ಕಡೆ ನೋಡಿದ್ರು. ಏನಾದ್ರೂ ಹೇಳ್ತೀನಿ, ನಗಿಸ್ತೀನಿ ಅಂತ ಅವ್ವ ಆಗಲೇ ಬಾಯಿಗೆ ಸೆರಗು ಅಡ್ಡ ಹಿಡಿದಿದ್ಲು. ನಂಗೂ ಹೇಳ್ಬೇಕಿತ್ತು. ಹುಡುಕ್ದೆ, ಒಂದೂ ಸಿಗಲಿಲ್ಲ. ಕಣ್ಣು ಯಾಕೋ ಉರೀತಿತ್ತು. ತಲೆ ಬಗ್ಗಿಸಿ ಅನ್ನ ಕಲಸ್ದೆ.

"ಬೇಗ ಉಣ್ಣು," ಅಂದ ಅಪ್ಪ. "ಬೆಲ್ಟು ಸಡಿಲ ಆಗೈತೆ, ಹೊಲೀಬೇಕು."